ಸೈಬರ್ ಸೆಕ್ಯುರಿಟಿ ಪಿಜಿ: ಕಡಿಮೆ ಖರ್ಚಿನಲ್ಲಿ, ಕೆಲಸಕ್ಕೆ ಬರುವ ಹಾಗೆ ಆರಿಸಿಕೊಳ್ಳುವುದು ಹೇಗೆ?

ಯುಗಾದಿಗೆ ಅಂತ ತಿಪಟೂರಿಗೆ ಹೋಗಿದ್ದೆ. ಊಟ ಆದ ಮೇಲೆ ಅಕ್ಕನ ಮಗ ಮೂರು ಕಾಲೇಜುಗಳ ಬ್ರೋಷರ್ ತಂದು ಚಾಪೆಯ ಮೇಲೆ ಹರಡಿದ. "ಮಾವ, ಸೈಬರ್ ಸೆಕ್ಯುರಿಟಿಯಲ್ಲಿ ಎಂ.ಟೆಕ್ ಮಾಡ್ಬೇಕು ಅಂತಿದೀನಿ. ಇದ್ರಲ್ಲಿ ಫೀಸು ಕಮ್ಮಿ ಇರೋದು ಯಾವ್ದು ನೋಡಿ ಹೇಳಿ" ಅಂದ. ಬಿ.ಇ. ಮುಗಿಸಿ ಒಂದೂವರೆ ವರ್ಷ ಆಗಿತ್ತು. ಬೆಂಗಳೂರಲ್ಲಿ ಸಪೋರ್ಟ್ ಕೆಲಸ, ತಿಂಗಳಿಗೆ 28,000 ಸಂಬಳ. ಅಕ್ಕ ಅಷ್ಟರಲ್ಲೇ ತೋಟದ ಪಹಣಿ ತೆಗೆದಿಟ್ಟಿದ್ದಳು, ಬ್ಯಾಂಕಿಗೆ ಬೇಕಾಗುತ್ತೆ ಅಂತ.

ಆ ಮೂರು ಬ್ರೋಷರ್‌ಗಳನ್ನು ಮಡಚಿ ಪಕ್ಕಕ್ಕಿಟ್ಟು ಒಂದು ನೋಟ್‌ಬುಕ್ ತರಿಸಿದೆ. ಸಂಜೆವರೆಗೂ ಇಬ್ಬರೂ ಕೂತು ಬರೆದೆವು. ನಾನು ಈ ಕ್ಷೇತ್ರದಲ್ಲೇ ಕೆಲಸ ಮಾಡುತ್ತೇನೆ. ಸಂದರ್ಶನ ಮಾಡಿ ಹುಡುಗರನ್ನು ತೆಗೆದುಕೊಳ್ಳುವುದೂ ನನ್ನ ಕೆಲಸದ ಒಂದು ಭಾಗ. ಅವನಿಗೆ ಹೇಳಿದ್ದನ್ನೇ, ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ. ಫೀಸು ನೋಡುವುದು ಮೂರನೇ ಹೆಜ್ಜೆ. ಅದಕ್ಕೂ ಮೊದಲು ಎರಡು ಕೆಲಸ ಇವೆ.

ಹೆಜ್ಜೆ 1: ಯಾವ ಕೆಲಸ ಬೇಕು ಅಂತ ಬರೆದುಕೊಳ್ಳಿ

ಸೈಬರ್ ಸೆಕ್ಯುರಿಟಿ ಅಂದರೆ ಒಂದೇ ಕೆಲಸ ಅಲ್ಲ. ಒಳಗೆ ಬಂದ ಮೇಲೆ ಅದು ಐದಾರು ಬೇರೆ ಬೇರೆ ಕೆಲಸ ಅಂತ ಗೊತ್ತಾಗುತ್ತೆ. ಒಂದಕ್ಕೆ ಬೇಕಾದ ಓದು ಇನ್ನೊಂದಕ್ಕೆ ಬೇಡ.

ಹೊಸಬರು ಜಾಸ್ತಿ ಸೇರುವುದು ಸಾಕ್ (ಸೆಕ್ಯುರಿಟಿ ಆಪರೇಷನ್ಸ್ ಸೆಂಟರ್) ಅನ್ನುವ ಕಾವಲು ಜಾಗಕ್ಕೆ. ಕಂಪನಿಯ ಸರ್ವರ್, ಲ್ಯಾಪ್‌ಟಾಪ್, ಫೈರ್‌ವಾಲ್ (ನೆಟ್‌ವರ್ಕ್‌ನ ಕಾವಲು ಬಾಗಿಲು) ಎಲ್ಲದರ ಲಾಗ್, ಅಂದರೆ ಏನೇನು ನಡೆಯಿತು ಅನ್ನುವ ದಾಖಲೆ, ಒಂದು ಕಡೆ ಬಂದು ಬೀಳುತ್ತೆ. ಅದರಲ್ಲಿ ಎದ್ದ ಅಲರ್ಟ್‌ಗಳನ್ನು ನೋಡಿ, ನಿಜವಾದ ದಾಳಿ ಯಾವುದು, ಸುಮ್ನೆ ಎದ್ದ ಅಲರ್ಟ್ ಯಾವುದು ಅಂತ ಬೇರ್ಪಡಿಸಬೇಕು. ಪಾಳಿ ಕೆಲಸ, ರಾತ್ರಿ ಪಾಳಿಯೂ ಇರುತ್ತೆ. ಈ ಕೆಲಸಕ್ಕೆ ಬೇಡಿಕೆ ಯಾಕಿದೆ ಅಂದರೆ, ದೇಶದ ಸೈಬರ್ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್‌-ಇನ್ 2022ರ ಏಪ್ರಿಲ್‌ನಲ್ಲಿ ಒಂದು ಆದೇಶ ಹೊರಡಿಸಿತು. ಸೈಬರ್ ದಾಳಿ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನದ ಲಾಗ್ ಇಟ್ಟುಕೊಂಡಿರಬೇಕು. ಆರು ಗಂಟೆಯಲ್ಲಿ ಹೇಳಬೇಕು ಅಂದ ಮೇಲೆ ರಾತ್ರಿ ಎರಡು ಗಂಟೆಗೂ ಒಬ್ಬರು ಪರದೆ ಮುಂದೆ ಕೂತಿರಲೇಬೇಕಲ್ವಾ?

ಎರಡನೆಯದು ಪೆನ್ ಟೆಸ್ಟಿಂಗ್. ಅನುಮತಿ ಪಡೆದು ಕಂಪನಿಯ ವೆಬ್‌ಸೈಟ್, ಆ್ಯಪ್, ನೆಟ್‌ವರ್ಕ್ ಒಡೆಯಲು ನೋಡುವುದು, ಸಿಕ್ಕಿದ್ದನ್ನು ವರದಿ ಬರೆದು ಕೊಡುವುದು. ಎಲ್ಲರಿಗೂ ಈ ಕೆಲಸದ ಮೇಲೆ ಆಸೆ. ಆದರೆ ಇಲ್ಲಿ ಡಿಗ್ರಿಗಿಂತ ಕೈಕೆಲಸಕ್ಕೆ ಬೆಲೆ. ನಮ್ಮ ತಂಡದಲ್ಲಿ ಬಿ.ಕಾಂ. ಓದಿದ ಒಬ್ಬಳಿದ್ದಾಳೆ. ಅವಳಷ್ಟು ಚೆನ್ನಾಗಿ ವೆಬ್ ಟೆಸ್ಟಿಂಗ್ ಮಾಡುವ ಎಂ.ಟೆಕ್‌ನವರನ್ನು ನಾನು ಹೆಚ್ಚು ನೋಡಿಲ್ಲ.

ಮೂರನೆಯದು ಆಡಿಟ್ ಮತ್ತು ನಿಯಮ ಪಾಲನೆಯ ಕೆಲಸ. ಐಎಸ್‌ಒ 27001 ಅನ್ನುವ ಮಾಹಿತಿ ಸುರಕ್ಷತೆಯ ಅಂತಾರಾಷ್ಟ್ರೀಯ ಮಾನದಂಡ, ರಿಸರ್ವ್ ಬ್ಯಾಂಕಿನ ನಿಯಮ, ಷೇರುಪೇಟೆಯ ಮೇಲೆ ಕಣ್ಣಿಡುವ ಸೆಬಿಯ ನಿಯಮ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ, ಇವನ್ನೆಲ್ಲ ಕಂಪನಿ ಪಾಲಿಸುತ್ತಿದೆಯಾ ಅಂತ ನೋಡುವುದು. ಆ ಕಾಯ್ದೆಯಲ್ಲಿ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಹಾಗಾಗಿ ಆಡಳಿತ ಮಂಡಳಿಗಳು ಈಗ ಇದನ್ನು ಗಂಭೀರವಾಗಿ ತೆಗೆದುಕೊಂಡಿವೆ. ಕೋಡಿಂಗ್ ಇಷ್ಟ ಇಲ್ಲದವರಿಗೆ, ಬರವಣಿಗೆ ಚೆನ್ನಾಗಿರುವವರಿಗೆ ಇದು ಒಳ್ಳೆಯ ದಾರಿ. ಯಾಕೋ ನಮ್ಮ ಹುಡುಗರು ಇದನ್ನು ಕೀಳಾಗಿ ನೋಡುತ್ತಾರೆ. ನೋಡಬೇಡಿ.

ಇನ್ನು ಡಿಜಿಟಲ್ ಫೊರೆನ್ಸಿಕ್ಸ್ ಇದೆ, ಅಂದರೆ ಫೋನು, ಕಂಪ್ಯೂಟರ್‌ಗಳಿಂದ ಸಾಕ್ಷ್ಯ ತೆಗೆಯುವ ಕೆಲಸ. ಪೊಲೀಸ್, ನ್ಯಾಯಾಲಯ, ದೊಡ್ಡ ಲೆಕ್ಕಪತ್ರ ಸಂಸ್ಥೆಗಳಿಗೆ ಬೇಕು. ನಮ್ಮ ರಾಜ್ಯದಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಠಾಣೆ ಜಿಲ್ಲೆಗೊಂದು ಇದೆ, ವಶಪಡಿಸಿಕೊಂಡ ಫೋನುಗಳ ರಾಶಿಯೂ ಇದೆ. ಕ್ಲೌಡ್ ಸೆಕ್ಯುರಿಟಿ, ಆ್ಯಪ್ ಸೆಕ್ಯುರಿಟಿಗೆ ಸಾಫ್ಟ್‌ವೇರ್ ಬರೆಯಲು ಬರಲೇಬೇಕು. ಕೊನೆಯದು ಸಂಶೋಧನೆ: ಕ್ರಿಪ್ಟೋಗ್ರಫಿ (ಗೂಢಲಿಪಿ), ಮಾಲ್‌ವೇರ್ ವಿಶ್ಲೇಷಣೆ, ಚಿಪ್ ಮಟ್ಟದ ಸುರಕ್ಷತೆ. ಇಲ್ಲಿ ಮಾತ್ರ ಒಳ್ಳೆಯ ಎಂ.ಟೆಕ್ ಇಲ್ಲದೆ ಬಾಗಿಲು ತೆರೆಯುವುದು ಕಷ್ಟ.

ಈಗ ಒಂದು ಕೆಲಸ ಮಾಡಿ. ನೌಕರಿ ತಾಣಗಳಲ್ಲಿ ನಿಮಗೆ ಇಷ್ಟವಾದ ಕೆಲಸದ 20 ಜಾಹೀರಾತು ತೆಗೆಯಿರಿ. ಎಷ್ಟರಲ್ಲಿ ಪಿಜಿ ಕಡ್ಡಾಯ ಅಂತ ಇದೆ, ಎಷ್ಟರಲ್ಲಿ ಬಿ.ಇ. ಸಾಕು ಅಂತ ಇದೆ, ಎಷ್ಟರಲ್ಲಿ ಅನುಭವ ಕೇಳಿದ್ದಾರೆ ಅಂತ ಗೆರೆ ಹಾಕಿ ಎಣಿಸಿ. ಅಕ್ಕನ ಮಗ ಸಾಕ್ ಕೆಲಸದ 20 ಜಾಹೀರಾತು ಎಣಿಸಿದ. ಪಿಜಿ ಕಡ್ಡಾಯ ಅಂತ ಒಂದರಲ್ಲೂ ಇರಲಿಲ್ಲ. ಅವನ ಮುಖ ಸ್ವಲ್ಪ ಸಪ್ಪಗಾಯಿತು. ಆದರೆ ತೋಟದ ಮೇಲೆ ಸಾಲ ಮಾಡುವ ಮೊದಲೇ ಅದು ಗೊತ್ತಾಗಬೇಕಿತ್ತು.

ಹೆಜ್ಜೆ 2: ಈಗಲೇ ಬೇಕಾ ಅಂತ ಕೇಳಿಕೊಳ್ಳಿ

ಪಿಜಿ ನಿಜವಾಗಿ ನೆರವಾಗುವುದು ಇಂಥವರಿಗೆ: ಸಂಶೋಧನೆ ಅಥವಾ ಪಿಎಚ್‌.ಡಿ. ಕಡೆ ಹೋಗುವವರು, ಕಾಲೇಜಲ್ಲಿ ಪಾಠ ಮಾಡಬೇಕು ಅನ್ನುವವರು, ಹೆಸರಿಲ್ಲದ ಕಾಲೇಜಿನಿಂದ ಬಂದು ದೊಡ್ಡ ಸಂಸ್ಥೆಯ ಕ್ಯಾಂಪಸ್ ಸಂದರ್ಶನಕ್ಕೆ ಕೂರಲು ಆಗದವರು, ಮತ್ತು ಬೇರೆ ವಿಷಯದಲ್ಲಿ ಡಿಗ್ರಿ ಮಾಡಿ ಈ ಕಡೆ ಬರುವವರು. ಮೂರನೆಯ ಗುಂಪೇ ನಮ್ಮಲ್ಲಿ ಜಾಸ್ತಿ. ಒಳ್ಳೆಯ ಎನ್‌ಐಟಿ, ಐಐಟಿಯ ಎಂ.ಟೆಕ್ ಅವರಿಗೆ ಎರಡನೇ ಅವಕಾಶ ಕೊಡುತ್ತೆ. ಅದು ಸಣ್ಣ ಮಾತಲ್ಲ.

ಸಿಐಎಸ್‌ಎಸ್‌ಪಿ ಸರ್ಟಿಫಿಕೇಟ್‌ಗೆ ಅನುಕೂಲ ಆಗುತ್ತೆ ಅಂತ ಪಿಜಿ ಮಾಡುವವರೂ ಇದ್ದಾರೆ. ಅದು ಅನುಭವಸ್ಥರಿಗೆ ಕೊಡುವ ಅಂತಾರಾಷ್ಟ್ರೀಯ ಸೆಕ್ಯುರಿಟಿ ಸರ್ಟಿಫಿಕೇಟ್. 5 ವರ್ಷದ ಅನುಭವ ಬೇಕು, ಓದಿನ ಲೆಕ್ಕದಲ್ಲಿ ಸಿಗುವ ರಿಯಾಯಿತಿ ಒಂದೇ ವರ್ಷ. ನಾಲ್ಕು ವರ್ಷದ ಬಿ.ಇ.ಗೇ ಆ ರಿಯಾಯಿತಿ ಸಿಗುತ್ತೆ. ಎಂ.ಟೆಕ್ ಮಾಡಿದರೆ ಎರಡು ವರ್ಷ ಆಗುವುದಿಲ್ಲ.

ಪಿಜಿ ಬೇಕೋ ಬೇಡವೋ ಅಂತ ಅನುಮಾನ ಇದ್ದರೆ ಮೂರು ತಿಂಗಳು ದುಡ್ಡಿಲ್ಲದೆ ಕಲಿತು ನೋಡಿ. ಪೋರ್ಟ್‌ಸ್ವಿಗ್ಗರ್‌ನ ವೆಬ್ ಸೆಕ್ಯುರಿಟಿ ಅಕಾಡೆಮಿ ಪೂರ್ತಿ ಉಚಿತ. ಓವರ್‌ದವೈರ್, ಪಿಕೊಸಿಟಿಎಫ್ ಅನ್ನುವ, ಒಗಟು ಬಿಡಿಸುತ್ತಾ ಹ್ಯಾಕಿಂಗ್ ಕಲಿಸುವ ತಾಣಗಳೂ ಉಚಿತ. ಸೀಡ್ ಲ್ಯಾಬ್ಸ್ ಅಂತ ಇದೆ, ವಿಶ್ವವಿದ್ಯಾಲಯಗಳು ಪಾಠಕ್ಕೆ ಬಳಸುವ ಪ್ರಯೋಗಗಳು, ಅವೂ ಉಚಿತ. ಎನ್‌ಪಿಟಿಇಎಲ್‌ನಲ್ಲಿ ಐಐಟಿ ಅಧ್ಯಾಪಕರ ಆನ್‌ಲೈನ್ ಪಾಠಗಳಿವೆ. ಬೆಂಗಳೂರಲ್ಲಿ ಇರುವವರು ನಲ್ ಅನ್ನುವ ಸೆಕ್ಯುರಿಟಿ ಆಸಕ್ತರ ಸಮುದಾಯದ ಸಭೆಗೆ ಹೋಗಿ, ಪ್ರವೇಶ ಶುಲ್ಕ ಇಲ್ಲ. ಮೂರು ತಿಂಗಳು ಆದ ಮೇಲೂ ರಾತ್ರಿ ಕೂತು ಒಂದು ಲ್ಯಾಬ್ ಬಿಡಿಸುವ ಹುಮ್ಮಸ್ಸು ಉಳಿದಿದ್ದರೆ ಮುಂದಿನ ಹೆಜ್ಜೆಗೆ ಬನ್ನಿ. ಬೇಸರ ಬಂದಿದ್ದರೆ ಎರಡು ವರ್ಷ, ಕೆಲವು ಲಕ್ಷ ಉಳಿಯಿತು.

ಹೆಜ್ಜೆ 3: ಪೂರ್ತಿ ಖರ್ಚು ಬರೆಯಿರಿ

ಬ್ರೋಷರ್‌ನಲ್ಲಿ ಇರುವುದು ಬೋಧನಾ ಶುಲ್ಕ ಮಾತ್ರ. ನಿಮ್ಮ ನೋಟ್‌ಬುಕ್‌ನಲ್ಲಿ ಹಾಸ್ಟೆಲ್, ಮೆಸ್, ಪರೀಕ್ಷಾ ಶುಲ್ಕ, ಲ್ಯಾಪ್‌ಟಾಪ್, ಊರಿಗೆ ಓಡಾಟ, ಓದುವ ಅವಧಿಯ ಬಡ್ಡಿ ಎಲ್ಲ ಬರಬೇಕು. ಕೆಲಸದಲ್ಲಿ ಇರುವವರು ಬಿಟ್ಟ ಸಂಬಳವನ್ನೂ ಬರೆಯಬೇಕು. ಇದನ್ನು ಎಲ್ಲರೂ ಮರೆಯುತ್ತಾರೆ.

ಅಕ್ಕನ ಮಗನ ಲೆಕ್ಕ ಹೀಗಿತ್ತು. ಬಿಟ್ಟ ಸಂಬಳ 28,000 ಗುಣಿಸು 24, ಅಂದರೆ 6,72,000. ಅವನಿಗೆ ಇಷ್ಟವಾದ ಖಾಸಗಿ ಕಾಲೇಜಿನ ಫೀಸು, ಹಾಸ್ಟೆಲ್, ಊಟ ಸೇರಿ ಎರಡು ವರ್ಷಕ್ಕೆ 10 ಲಕ್ಷ. ಅದು ಪೂರ್ತಿ ಸಾಲ. ಶೇ 10.5 ಬಡ್ಡಿಯಲ್ಲಿ 7 ವರ್ಷಕ್ಕೆ ಕಂತು ತಿಂಗಳಿಗೆ ಸುಮಾರು 16,900 ರೂಪಾಯಿ, ಓದುವಾಗ ಸೇರಿದ ಬಡ್ಡಿ ಬೇರೆ. ಈಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಡಿಗ್ರಿ ಆದ ಮೇಲೆ ಸಿಗುವ ಸಂಬಳ, ಓದದೇ ಇದ್ದಿದ್ದರೆ ಆ ಹೊತ್ತಿಗೆ ಸಿಗುತ್ತಿದ್ದ ಸಂಬಳಕ್ಕಿಂತ ತಿಂಗಳಿಗೆ 17 ಸಾವಿರ ಜಾಸ್ತಿ ಇರುತ್ತಾ? ಕೈಗೆ ಬರುವ ಲೆಕ್ಕದಲ್ಲಿ, ಏಳು ವರ್ಷ? ಇದ್ದರೂ ಅಷ್ಟೂ ಬ್ಯಾಂಕಿಗೇ ಹೋಗುತ್ತೆ. ಬಿಟ್ಟ ಆರೂಮುಕ್ಕಾಲು ಲಕ್ಷ ಇನ್ನೂ ವಾಪಸ್ ಬಂದಿರುವುದಿಲ್ಲ.

ಇದೇ ಲೆಕ್ಕವನ್ನು ಗೇಟ್ ಅನ್ನುವ ರಾಷ್ಟ್ರಮಟ್ಟದ ಎಂ.ಟೆಕ್ ಪ್ರವೇಶ ಪರೀಕ್ಷೆಯ ದಾರಿಗೆ ಹಾಕಿದಾಗ ಅಕ್ಕ ಒಳಗಿನಿಂದ ಬಂದು ನಮ್ಮ ಪಕ್ಕ ಕೂತಳು.

ಹೆಜ್ಜೆ 4: ಗೇಟ್ ಬರೆಯಲು ಆಗುತ್ತಾ ನೋಡಿ

ಗೇಟ್ ಅಂಕದ ಮೇಲೆ ಪೂರ್ಣಾವಧಿ ಎಂ.ಟೆಕ್‌ಗೆ ಸೇರಿದರೆ ಕೇಂದ್ರ ಸರ್ಕಾರದ ನೆರವು ತಿಂಗಳಿಗೆ 12,400 ರೂಪಾಯಿ. 24 ತಿಂಗಳಿಗೆ 2,97,600. ಐಐಟಿ, ಎನ್‌ಐಟಿಗಳಲ್ಲಿ ಮಾತ್ರ ಅಲ್ಲ, ಎಐಸಿಟಿಇ (ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ) ಅನುಮೋದನೆ ಇರುವ ಬೇರೆ ಕಾಲೇಜುಗಳಲ್ಲೂ ಗೇಟ್ ಪಾಸಾಗಿ ಸೇರಿದವರಿಗೆ ಇದು ಸಿಗುತ್ತೆ. ನಮ್ಮ ಎಷ್ಟೋ ಹುಡುಗರಿಗೆ ಈ ಎರಡನೆಯ ವಿಷಯ ಗೊತ್ತೇ ಇಲ್ಲ. ಆದರೆ ಕಾಲೇಜು, ಕೋರ್ಸು, ಸೀಟು ಮೂರೂ ಅನುಮೋದನೆ ಒಳಗಿರಬೇಕು, ನಿಮ್ಮ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. "ನಿಮ್ಮಲ್ಲಿ ಕಳೆದ ವರ್ಷ ಎಷ್ಟು ಜನಕ್ಕೆ ಗೇಟ್ ಸ್ಕಾಲರ್‌ಶಿಪ್ ಬಂತು?" ಅಂತ ಕಾಲೇಜಿನ ಕಚೇರಿಯಲ್ಲಿ ನೇರವಾಗಿ ಕೇಳಿ. ಮೊದಲ ಕಂತು ತಡವಾಗಿ ಬರುವುದುಂಟು. ಮೊದಲ ಮೂರ್ನಾಲ್ಕು ತಿಂಗಳ ಊಟಕ್ಕೆ ಕೈಯಲ್ಲಿ ಹಣ ಇಟ್ಟುಕೊಂಡಿರಿ.

ಎನ್‌ಐಟಿಗಳಲ್ಲಿ ಎಂ.ಟೆಕ್ ಬೋಧನಾ ಶುಲ್ಕ ಸೆಮಿಸ್ಟರ್‌ಗೆ 35,000 ರೂಪಾಯಿ ಆಸುಪಾಸು. ಹಾಸ್ಟೆಲ್, ಮೆಸ್ ಸೇರಿಸಿದರೂ ಸ್ಟೈಪೆಂಡ್‌ನಿಂದ ಬಹುಪಾಲು ಸರಿಹೋಗುತ್ತೆ. ನಮ್ಮ ಸುರತ್ಕಲ್‌ನ ಎನ್‌ಐಟಿಕೆಯಲ್ಲೇ ಇನ್ಫರ್ಮೇಶನ್ ಸೆಕ್ಯುರಿಟಿಯಲ್ಲಿ ಎಂ.ಟೆಕ್ ಇದೆ. ಕ್ಯಾಲಿಕಟ್ ಎನ್‌ಐಟಿಯಲ್ಲೂ ಇದೆ. ಐಐಟಿ ಕಾನ್ಪುರದಲ್ಲಿ ಸೈಬರ್ ಸೆಕ್ಯುರಿಟಿಗೆ ಅಂತಲೇ ಸಿ3ಐ ಹಬ್ ಎನ್ನುವ ದೊಡ್ಡ ಕೇಂದ್ರ ಇದೆ. ಪುಣೆಯ ಡಿಐಎಟಿ ರಕ್ಷಣಾ ಇಲಾಖೆಯ ಸಂಸ್ಥೆ, ಅಲ್ಲೂ ಸೈಬರ್ ಸೆಕ್ಯುರಿಟಿ ಎಂ.ಟೆಕ್ ಕಲಿಯಬಹುದು.

ಇಲ್ಲೊಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ಡಿಗ್ರಿಯ ಹೆಸರಲ್ಲಿ "ಸೈಬರ್" ಇರಲೇಬೇಕು ಅಂತಿಲ್ಲ. ಒಳ್ಳೆಯ ಸಂಸ್ಥೆಯಲ್ಲಿ ಮಾಮೂಲಿ ಕಂಪ್ಯೂಟರ್ ಸೈನ್ಸ್ ಎಂ.ಟೆಕ್ ಮಾಡಿ, ಪ್ರಾಜೆಕ್ಟ್ ಮಾತ್ರ ಸೆಕ್ಯುರಿಟಿಯ ಅಧ್ಯಾಪಕರ ಹತ್ತಿರ ಮಾಡಿದರೆ ಅದು ಹೆಸರಿಗಷ್ಟೇ ಸೈಬರ್ ಆದ ಡಿಗ್ರಿಗಿಂತ ಎಷ್ಟೋ ಮೇಲು. ಸಂದರ್ಶನದಲ್ಲಿ ನಾನು ಕೇಳುವುದು ಪ್ರಾಜೆಕ್ಟ್ ಬಗ್ಗೆ. ಡಿಗ್ರಿಯ ಹೆಸರು ಓದಿ ಪುಟ ತಿರುಗಿಸುತ್ತೇನೆ ಅಷ್ಟೆ. ಸೆಕ್ಯುರಿಟಿ ಬೇಸರವಾದರೆ ಕಂಪ್ಯೂಟರ್ ಸೈನ್ಸ್ ಡಿಗ್ರಿ ಬೇರೆ ಕೆಲಸಕ್ಕೂ ಆಗುತ್ತೆ.

ಗೇಟ್ ಕಂಪ್ಯೂಟರ್ ಸೈನ್ಸ್ ಪತ್ರಿಕೆಯಲ್ಲಿ ಸೆಕ್ಯುರಿಟಿಗೆ ಪ್ರತ್ಯೇಕ ವಿಭಾಗ ಇಲ್ಲ. ಗಣಿತ, ಡೇಟಾ ಸ್ಟ್ರಕ್ಚರ್, ಆಪರೇಟಿಂಗ್ ಸಿಸ್ಟಮ್, ನೆಟ್‌ವರ್ಕ್, ಡೇಟಾಬೇಸ್, ಇವೇ. "ಹ್ಯಾಕಿಂಗ್ ಕಲಿಯೋಕೆ ಇದೆಲ್ಲ ಯಾಕೆ" ಅಂತ ಅಕ್ಕನ ಮಗ ಕೇಳಿದ. ಆಪರೇಟಿಂಗ್ ಸಿಸ್ಟಮ್ ಮೆಮೊರಿಯನ್ನು ಹೇಗೆ ಹಂಚುತ್ತೆ ಅಂತ ಗೊತ್ತಿಲ್ಲದವನಿಗೆ ಬಫರ್ ಓವರ್‌ಫ್ಲೋ (ಮೆಮೊರಿಯಲ್ಲಿ ಕೊಟ್ಟ ಜಾಗ ಮೀರಿ ಬರೆದು ಮಾಡುವ ದಾಳಿ) ಹೇಗೆ ಅರ್ಥ ಆಗುತ್ತೆ? ಗೇಟ್‌ಗೆ ಓದಿದ್ದು ಸೀಟು ಸಿಗದಿದ್ದರೂ ದಂಡ ಆಗುವುದಿಲ್ಲ.

ಸಾಮಾನ್ಯವಾಗಿ ಆಗಸ್ಟ್ ಕೊನೆಯಲ್ಲಿ ಅಥವಾ ಸೆಪ್ಟೆಂಬರ್‌ನಲ್ಲಿ ಅರ್ಜಿ, ಫೆಬ್ರುವರಿಯಲ್ಲಿ ಪರೀಕ್ಷೆ, ಮಾರ್ಚ್‌ನಲ್ಲಿ ಫಲಿತಾಂಶ. ಅಂಕ 3 ವರ್ಷ ನಡೆಯುತ್ತೆ. ಎನ್‌ಐಟಿಗಳಿಗೆ ಸಿಸಿಎಂಟಿ ಎನ್ನುವ ಒಂದೇ ಕೌನ್ಸೆಲಿಂಗ್ ಮೂಲಕ ಸೀಟು ಹಂಚುತ್ತಾರೆ. ಐಐಟಿಗಳಿಗೆ ಪ್ರತಿ ಸಂಸ್ಥೆಗೂ ಬೇರೆ ಬೇರೆ ಅರ್ಜಿ ಹಾಕಬೇಕು, ಸೀಟು ಒಪ್ಪಿಕೊಳ್ಳುವುದು ಮಾತ್ರ ಸಿಒಎಪಿ ಎನ್ನುವ ಒಂದೇ ಜಾಗದಲ್ಲಿ. ಸಿಒಎಪಿಯಲ್ಲಿ ನೋಂದಾಯಿಸಿ, ಅಷ್ಟೇ ಸಾಕು ಅಂದುಕೊಂಡು ಸಂಸ್ಥೆಗಳಿಗೆ ಅರ್ಜಿಯನ್ನೇ ಹಾಕದೆ ಒಂದು ವರ್ಷ ಕಳೆದುಕೊಂಡವರನ್ನು ನೋಡಿದ್ದೇನೆ. ಕರ್ನಾಟಕದ ಕಾಲೇಜುಗಳಿಗೆ ರಾಜ್ಯದ ಪರೀಕ್ಷಾ ಪ್ರಾಧಿಕಾರ ಕೆಇಎ ನಡೆಸುವ ಪಿಜಿಸಿಇಟಿ ಪ್ರವೇಶ ಪರೀಕ್ಷೆ ಇದೆ. ಅಲ್ಲೂ ಗೇಟ್ ಅಂಕ ಇದ್ದವರಿಗೆ ಮೊದಲ ಆದ್ಯತೆ.

ಹೆಜ್ಜೆ 5: ಸಿಲಬಸ್ ತೆರೆದು ಲ್ಯಾಬ್ ಹುಡುಕಿ

ಇದಕ್ಕೆ ಅರ್ಧ ದಿನ ಇಡಿ. ಕಾಲೇಜಿನ ಜಾಲತಾಣದಲ್ಲಿ ಸಿಲಬಸ್ ಪಿಡಿಎಫ್ ಇರುತ್ತೆ. ಪ್ರತಿ ವಿಷಯದ ಮುಂದೆ 3-0-2, 4-0-0 ಅಂತ ಮೂರು ಅಂಕಿ ಇರುತ್ತೆ. ಮೊದಲನೆಯದು ವಾರಕ್ಕೆ ಎಷ್ಟು ಗಂಟೆ ಪಾಠ, ನಡುವಿನದು ಟ್ಯುಟೋರಿಯಲ್, ಕೊನೆಯದು ಪ್ರಾಯೋಗಿಕ. ನೆಟ್‌ವರ್ಕ್ ಸೆಕ್ಯುರಿಟಿ ವಿಷಯದ ಮುಂದೆ 4-0-0 ಇದ್ದು, ಬೇರೆಲ್ಲೂ ಅದರ ಲ್ಯಾಬ್ ಇಲ್ಲದಿದ್ದರೆ ಅಲ್ಲಿ ನೆಟ್‌ವರ್ಕ್ ಮುಟ್ಟದೆಯೇ ನೆಟ್‌ವರ್ಕ್ ಸೆಕ್ಯುರಿಟಿ ಪಾಸಾಗಬಹುದು ಅಂತ ಅರ್ಥ.

ನನಗೆ ಇದು ನೋವಿನ ವಿಷಯ. ನಾನು ಪಿಜಿ ಮಾಡಿದ ಕಾಲೇಜಿನ ಲ್ಯಾಬ್‌ನಲ್ಲಿ ಒಂದು ದುಬಾರಿ ಫೈರ್‌ವಾಲ್ ಇತ್ತು. ಗಾಜಿನ ಬೀರುವಿನಲ್ಲಿ. ತಪಾಸಣೆಗೆ ಬಂದವರಿಗೆ ತೋರಿಸುತ್ತಿದ್ದರು. ಎರಡು ವರ್ಷದಲ್ಲಿ ಒಂದು ದಿನವೂ ಅದರ ವೈರ್ ಸಿಕ್ಕಿಸಲಿಲ್ಲ. ನನ್ನ ಅಪ್ಪ ಅಡಿಕೆ ಮಾರಿ ಕಟ್ಟಿದ ಫೀಸು ಅದು. ನಾನು ಕಲಿತದ್ದು ರೂಮಿನಲ್ಲಿ, ಹಳೇ ಲ್ಯಾಪ್‌ಟಾಪ್‌ನಲ್ಲಿ ವರ್ಚುವಲ್‌ಬಾಕ್ಸ್ (ಒಂದೇ ಕಂಪ್ಯೂಟರ್ ಒಳಗೆ ಇನ್ನೊಂದನ್ನು ಓಡಿಸುವ ತಂತ್ರಾಂಶ) ಹಾಕಿಕೊಂಡು, ರಾತ್ರಿ ಹೊತ್ತು. ಮೊದಲ ಸಂದರ್ಶನದಲ್ಲಿ ಪ್ಯಾಕೆಟ್ ಕ್ಯಾಪ್ಚರ್ ಫೈಲ್ (ನೆಟ್‌ವರ್ಕ್‌ನಲ್ಲಿ ಓಡಾಡಿದ ದತ್ತಾಂಶದ ದಾಖಲೆ) ಕೊಟ್ಟು ಏನಾಗಿದೆ ಹೇಳು ಅಂದಾಗ ಬೆವತುಹೋಗಿದ್ದೆ.

ಹಾಗಾಗಿ ಪ್ರವೇಶಕ್ಕೆ ಮೊದಲು ಕಾಲೇಜಿಗೆ ಖುದ್ದಾಗಿ ಹೋಗಿ, ಕೆಲಸದ ದಿನದಲ್ಲಿ. ಪ್ರಾಂಶುಪಾಲರ ಕೋಣೆಗಿಂತ ಮೊದಲು ಕ್ಯಾಂಟೀನಿಗೆ ಹೋಗಿ. ಎರಡನೇ ವರ್ಷದ ಎಂ.ಟೆಕ್‌ನವರು ಯಾರು ಅಂತ ಕೇಳಿ, ಕಾಫಿ ಕೊಡಿಸಿ, ಮಾತಾಡಿಸಿ. ಈ ಪ್ರಶ್ನೆಗಳು ಸಾಕು: ಕಳೆದ ವಾರ ಲ್ಯಾಬ್‌ನಲ್ಲಿ ಏನು ಮಾಡಿದಿರಿ? ಪ್ರಾಜೆಕ್ಟ್ ಗೈಡ್ ತಿಂಗಳಿಗೆ ಎಷ್ಟು ಸಲ ಸಿಗುತ್ತಾರೆ? ನಿಮ್ಮ ಸೀನಿಯರ್‌ಗಳು ಎಲ್ಲಿದ್ದಾರೆ? ಕಾಲೇಜು ದೂರ ಇದ್ದರೆ ಲಿಂಕ್ಡ್‌ಇನ್‌ನಲ್ಲಿ ಹಿಂದಿನ ಎರಡು ಬ್ಯಾಚಿನ ಹತ್ತು ಜನರನ್ನು ಹುಡುಕಿ. ಅವರು ಈಗ ಯಾವ ಹುದ್ದೆಯಲ್ಲಿದ್ದಾರೆ ಅನ್ನುವುದೇ ನಿಜವಾದ ಪ್ಲೇಸ್‌ಮೆಂಟ್ ವರದಿ. "ಅತಿ ಹೆಚ್ಚು ಪ್ಯಾಕೇಜ್" ಅಂತ ಹಾಕಿರುವ ಅಂಕಿ ಒಬ್ಬ ವಿದ್ಯಾರ್ಥಿಯದು. ಸಾಲಿನ ನಡುವೆ ನಿಂತ ವಿದ್ಯಾರ್ಥಿಗೆ ಎಷ್ಟು ಸಿಕ್ಕಿತು ಅಂತ ಕೇಳಿ. ಎಂ.ಟೆಕ್‌ಗೆ ಮಾತ್ರ ಕೇಳಿ, ಬಿ.ಇ. ಸೇರಿಸಿದ ಅಂಕಿ ಬೇಡ.

ಅಧ್ಯಾಪಕರ ಹೆಸರನ್ನು ಗೂಗಲ್ ಸ್ಕಾಲರ್‌ನಲ್ಲಿ ಹಾಕಿ ನೋಡಿ. ಸೆಕ್ಯುರಿಟಿಯಲ್ಲಿ ಕೆಲಸ ಮಾಡುತ್ತಿರುವವರು ಇಬ್ಬರಾದರೂ ಇರಬೇಕು. ಕೊಯಮತ್ತೂರಿನ ಅಮೃತಾ ಖಾಸಗಿ ಸಂಸ್ಥೆ, ಫೀಸು ಸರ್ಕಾರಿ ಕಾಲೇಜಿನಷ್ಟು ಕಡಿಮೆ ಅಲ್ಲ. ಆದರೆ ಕೇರಳದಲ್ಲಿರುವ ಅದರ ಅಮೃತಪುರಿ ಕ್ಯಾಂಪಸ್‌ನ ವಿದ್ಯಾರ್ಥಿ ತಂಡ ಬಯೋಸ್ ಅಂತಾರಾಷ್ಟ್ರೀಯ ಹ್ಯಾಕಿಂಗ್ ಸ್ಪರ್ಧೆಗಳಲ್ಲಿ ಹೆಸರು ಮಾಡಿದೆ. ಸೀನಿಯರ್‌ಗಳ ಪಕ್ಕ ಕೂತು ಕಲಿಯುವ ವಾತಾವರಣ ಅಂದರೆ ಅದು. ನೀವು ನೋಡುತ್ತಿರುವ ಕಾಲೇಜಿನಲ್ಲಿ ಅಂಥ ಒಂದು ತಂಡ ಇದೆಯಾ ಅಂತ ವಿಚಾರಿಸಿ.

ಹೆಜ್ಜೆ 6: ಗೇಟ್ ಆಗದಿದ್ದರೆ, ಕೆಲಸ ಬಿಡಲು ಆಗದಿದ್ದರೆ

ಬಿಸಿಎ, ಬಿ.ಎಸ್ಸಿ. ಓದಿದವರಿಗೆ ಎಂ.ಟೆಕ್ ನೇರ ದಾರಿ ಅಲ್ಲ. ಎಂ.ಎಸ್ಸಿ. ನೋಡಿ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯ 2020ರ ಕಾಯ್ದೆಯಿಂದ ಆದದ್ದು, ಗಾಂಧಿನಗರದಲ್ಲಿ ಮುಖ್ಯ ಕ್ಯಾಂಪಸ್, ನಮ್ಮ ಧಾರವಾಡದಲ್ಲೂ ಒಂದು ಕ್ಯಾಂಪಸ್. ಫೊರೆನ್ಸಿಕ್ಸ್ ಮನಸ್ಸಿನಲ್ಲಿ ಇದ್ದರೆ ಅಲ್ಲಿಂದ ಶುರು ಮಾಡಿ. ಯಾವ ಕೋರ್ಸು ಯಾವ ಕ್ಯಾಂಪಸ್‌ನಲ್ಲಿ ನಡೆಯುತ್ತೆ ಅಂತ ಅರ್ಜಿ ಹಾಕುವಾಗಲೇ ನೋಡಿಕೊಳ್ಳಿ.

ಬೇಗ ಕೆಲಸ ಬೇಕು ಅನ್ನುವವರಿಗೆ ನಾನು ಮೊದಲು ಹೇಳುವ ಹೆಸರು ಸಿಡ್ಯಾಕ್. ಸೂಪರ್ ಕಂಪ್ಯೂಟರ್ ಪರಮ್ ಮಾಡಿದ ಸರ್ಕಾರಿ ಸಂಸ್ಥೆ. ಅವರ ಡಿಟಿಸ್ (DITISS) ಅನ್ನುವ, ಐಟಿ ವ್ಯವಸ್ಥೆ ಮತ್ತು ಸೆಕ್ಯುರಿಟಿಯ ಪಿಜಿ ಡಿಪ್ಲೊಮಾ ಆರು ತಿಂಗಳದ್ದು. ಸಿಸಿಎಟಿ ಪ್ರವೇಶ ಪರೀಕ್ಷೆ, ವರ್ಷಕ್ಕೆ ಎರಡು ಬ್ಯಾಚು, ಶುಲ್ಕ ಒಂದು ಲಕ್ಷದ ಆಸುಪಾಸು. ಬೆಳಗಿನಿಂದ ಸಂಜೆವರೆಗೆ ಪಾಠ, ಲ್ಯಾಬ್, ಕೊನೆಯಲ್ಲಿ ಕ್ಯಾಂಪಸ್ ಸಂದರ್ಶನ. ಡಿಗ್ರಿ ಅಲ್ಲ, ಡಿಪ್ಲೊಮಾ. ಆದರೆ ಸಾಕ್ ಅಥವಾ ನೆಟ್‌ವರ್ಕ್ ಸೆಕ್ಯುರಿಟಿಯ ಮೊದಲ ಕೆಲಸಕ್ಕೆ ಇದು ಎಷ್ಟೋ ಎಂ.ಟೆಕ್‌ಗಳಿಗಿಂತ ಹತ್ತಿರದ ದಾರಿ. ಇಗ್ನೋದ ಇನ್ಫರ್ಮೇಶನ್ ಸೆಕ್ಯುರಿಟಿ ಪಿಜಿ ಡಿಪ್ಲೊಮಾ ಇನ್ನೂ ಅಗ್ಗ. ಅದು ಆಡಿಟ್ ಕಡೆ ಹೋಗುವ, ಈಗಾಗಲೇ ಕೆಲಸದಲ್ಲಿ ಇರುವವರಿಗೆ ಸರಿ.

ಕೆಲಸ ಮಾಡುತ್ತಲೇ ಪೂರ್ತಿ ಪಿಜಿ ಬೇಕು ಅಂದರೆ ಐಐಟಿ ಕಾನ್ಪುರದ ಇ-ಮಾಸ್ಟರ್ಸ್ ಇದೆ. ಗೇಟ್ ಬೇಡ, ಶುಲ್ಕ 8 ಲಕ್ಷದ ಆಸುಪಾಸು. ಸಂಬಳ ನಿಲ್ಲುವುದಿಲ್ಲ ಅನ್ನುವುದನ್ನು ಮೂರನೇ ಹೆಜ್ಜೆಯ ಲೆಕ್ಕಕ್ಕೆ ಸೇರಿಸಿ ನೋಡಿ. ಅಮೆರಿಕದ ಜಾರ್ಜಿಯಾ ಟೆಕ್ 2019ರಲ್ಲಿ ಆನ್‌ಲೈನ್ ಸೈಬರ್ ಸೆಕ್ಯುರಿಟಿ ಮಾಸ್ಟರ್ಸ್ ಶುರು ಮಾಡಿದಾಗ ಒಟ್ಟು ಶುಲ್ಕ 10,000 ಡಾಲರ್ ಒಳಗೆ ಅಂತ ಹೇಳಿತ್ತು. ಅಲ್ಲಿನ ಕ್ಯಾಂಪಸ್ ಫೀಸಿಗೆ ಹೋಲಿಸಿದರೆ ಇದು ತೀರ ಕಡಿಮೆ. ಓದು ಮಾತ್ರ ಸುಲಭದ್ದಲ್ಲ. ಖಾಸಗಿ ಕಂಪನಿಗಳಲ್ಲಿ ಆ ಹೆಸರಿಗೆ ಗೌರವ ಇದೆ. ಸರ್ಕಾರಿ ನೌಕರಿ ಅಥವಾ ಅಧ್ಯಾಪಕ ಹುದ್ದೆ ನಿಮ್ಮ ಗುರಿಯಾಗಿದ್ದರೆ, ವಿದೇಶದ ಡಿಗ್ರಿಗೆ ಸಮಾನತೆ ಪ್ರಮಾಣಪತ್ರ ಬೇಕಾಗುತ್ತೆ. ಆನ್‌ಲೈನ್ ಡಿಗ್ರಿಗೆ ಅದು ಸಿಗುತ್ತಾ ಅಂತ ಫೀಸು ಕಟ್ಟುವ ಮೊದಲೇ ಖಚಿತ ಮಾಡಿಕೊಳ್ಳಿ.

ಎಚ್ಚರಿಕೆ ಒಂದಿದೆ. "ಮನೆಯಲ್ಲೇ ಕೂತು ದೂರ ಶಿಕ್ಷಣದಲ್ಲಿ ಎಂ.ಟೆಕ್" ಅಂತ ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ. ಎಂಜಿನಿಯರಿಂಗ್ ಪದವಿಯನ್ನು ದೂರ ಶಿಕ್ಷಣದಲ್ಲಿ ಕೊಡಲು ಯುಜಿಸಿ ನಿಯಮ ಒಪ್ಪುವುದಿಲ್ಲ. ಬೇರೆ ಆನ್‌ಲೈನ್ ಕೋರ್ಸುಗಳಿಗೆ ಯುಜಿಸಿಯ ದೂರ ಶಿಕ್ಷಣ ಮಂಡಳಿಯ ಪಟ್ಟಿಯಲ್ಲಿ ಆ ಸಂಸ್ಥೆ, ಆ ಕೋರ್ಸು ಎರಡೂ ಇರಬೇಕು.

ಹೆಜ್ಜೆ 7: ಹೊರದೇಶದ ಆಸೆ ಇದ್ದರೆ

ಖರ್ಚು ಕಡಿಮೆ ಇರಬೇಕು ಅನ್ನುವವರಿಗೆ ನಾನು ಜರ್ಮನಿ ಒಂದನ್ನೇ ಧೈರ್ಯವಾಗಿ ಹೇಳುತ್ತೇನೆ. ಅಲ್ಲಿನ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ, ಸೆಮಿಸ್ಟರ್‌ಗೆ ಕೆಲವು ನೂರು ಯೂರೊ ಕಟ್ಟಿದರೆ ಆಯಿತು. ಸಾರ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್‌ನಲ್ಲೇ ಸೈಬರ್ ಸೆಕ್ಯುರಿಟಿ ಮಾಸ್ಟರ್ಸ್ ಇದೆ, ಪಕ್ಕದಲ್ಲೇ ಸಿಸ್ಪಾ ಅನ್ನುವ ಹೆಸರಾಂತ ಸಂಶೋಧನಾ ಕೇಂದ್ರ. ಕಾಟ್‌ಬುಸ್‌ನ ಬಿಟಿಯುನಲ್ಲೂ ಇಂಗ್ಲಿಷ್ ಮಾಧ್ಯಮದ ಕೋರ್ಸಿದೆ. ಆದರೆ ಎಲ್ಲ ಕಡೆ ಉಚಿತ ಅಂದುಕೊಳ್ಳಬೇಡಿ. ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1,500 ಯೂರೊ. ಮ್ಯೂನಿಕ್‌ನ ಟಿಯುಎಂ ಕೂಡ 2024ರಿಂದ ಶುಲ್ಕ ತೆಗೆದುಕೊಳ್ಳುತ್ತಿದೆ.

ವೀಸಾಗೆ ಒಂದು ವರ್ಷದ ಖರ್ಚನ್ನು ಬ್ಲಾಕ್ಡ್ ಅಕೌಂಟ್‌ನಲ್ಲಿ ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ಅದು 11,904 ಯೂರೊ. ಆ ಹಣ ನಿಮ್ಮದೇ, ಅಲ್ಲಿ ಹೋದ ಮೇಲೆ ತಿಂಗಳಿಗೆ 992 ಯೂರೊ ಹಾಗೆ ವಾಪಸ್ ಬರುತ್ತೆ. ಆದರೆ ಹೊರಡುವ ಮೊದಲು ಅಷ್ಟೂ ಒಟ್ಟಿಗೆ ಕೈಯಲ್ಲಿ ಇರಬೇಕು. ನಿಮ್ಮ ಅಂಕಪಟ್ಟಿಗಳು ಅಸಲಿ ಅಂತ ಹೇಳುವ ಎಪಿಎಸ್ ಪ್ರಮಾಣಪತ್ರ ಕಡ್ಡಾಯ, ಅದಕ್ಕೆ ತಿಂಗಳುಗಳು ಹಿಡಿಯಬಹುದು. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಸಿಗುತ್ತೆ. ಜರ್ಮನ್ ಭಾಷೆ ಬರದಿದ್ದರೆ ಆ 18 ತಿಂಗಳು ಬಹಳ ಬೇಗ ಕಳೆಯುತ್ತೆ. ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಈಗಲೇ ತರಗತಿಗೆ ಸೇರಿಕೊಳ್ಳಿ.

ಅಮೆರಿಕದಲ್ಲಿ ಇಂಥ ತಾಂತ್ರಿಕ ಓದು ಮುಗಿಸಿದವರಿಗೆ ಒಪಿಟಿಯಲ್ಲಿ (ವಿದ್ಯಾರ್ಥಿ ವೀಸಾದಲ್ಲೇ ಕೆಲಸ ಮಾಡುವ ಅನುಮತಿ) ಒಟ್ಟು 36 ತಿಂಗಳ ಕೆಲಸದ ಅವಕಾಶ ಇದೆ, ನಿಜ. ಆದರೆ ಸೆಕ್ಯುರಿಟಿಯ ದೊಡ್ಡ ಪಾಲು ಕೆಲಸ ಅಲ್ಲಿನ ಸರ್ಕಾರ, ರಕ್ಷಣಾ ಗುತ್ತಿಗೆಗಳಿಗೆ ಸೇರಿದ್ದು. ಅದಕ್ಕೆ ಬೇಕಾದ ಕ್ಲಿಯರೆನ್ಸ್, ಅಂದರೆ ಸರ್ಕಾರದ ಭದ್ರತಾ ಅನುಮತಿ, ಸಿಗಲು ಅಲ್ಲಿನ ಪೌರತ್ವ ಬೇಕು. ಏಜೆಂಟ್ ತೋರಿಸುವ ಉದ್ಯೋಗಗಳ ಪಟ್ಟಿಯಿಂದ ಅವನ್ನೆಲ್ಲ ಕಳೆದು ನೋಡಿ.

ಹೆಜ್ಜೆ 8: ಸಾಲಕ್ಕೆ ಮೊದಲು ನೆರವು ಹುಡುಕಿ

ರಾಜ್ಯದ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ಪೋರ್ಟಲ್ ಇದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ವಿದೇಶದ ಓದಿಗೆ ರಾಜ್ಯದ ಪ್ರಬುದ್ಧ ಯೋಜನೆ ಇದೆ. ಸಾಲ ಬೇಕೇ ಬೇಕು ಅಂದರೆ ಪಿಎಂ ವಿದ್ಯಾಲಕ್ಷ್ಮಿ ನೋಡಿ. ಪಟ್ಟಿಯಲ್ಲಿರುವ ಸಂಸ್ಥೆಗೆ ಅರ್ಹತೆ ಮೇಲೆ ಸೇರಿದ್ದು, ಕುಟುಂಬದ ವರ್ಷದ ಆದಾಯ 8 ಲಕ್ಷದೊಳಗೆ ಇದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಓದುವ ಅವಧಿಯಲ್ಲಿ ಶೇ 3 ಬಡ್ಡಿ ನೆರವು ಸಿಗುತ್ತೆ. ಮ್ಯಾನೇಜ್‌ಮೆಂಟ್ ಕೋಟಾದವರಿಗೆ ಇಲ್ಲ. ಬ್ಯಾಂಕುಗಳ ಶಿಕ್ಷಣ ಸಾಲದಲ್ಲಿ 7.5 ಲಕ್ಷದವರೆಗೆ ಆಸ್ತಿ ಅಡಮಾನ ಇಲ್ಲದೆ ಕೊಡುವ ವ್ಯವಸ್ಥೆ ಇದೆ. ಅಕ್ಕನಿಗೆ ಇದನ್ನು ಹೇಳಿದಾಗ "ಹಾಗಾದ್ರೆ ಪಹಣಿ ಯಾಕೆ ಕೇಳಿದ್ರು?" ಅಂದಳು. ನೀವೂ ಬ್ಯಾಂಕಿನಲ್ಲಿ ಇದೇ ಪ್ರಶ್ನೆ ಕೇಳಿ. ಹಳೇ ತೆರಿಗೆ ಪದ್ಧತಿಯಲ್ಲಿ ಇದ್ದರೆ ಶಿಕ್ಷಣ ಸಾಲದ ಬಡ್ಡಿಗೆ 8 ವರ್ಷದವರೆಗೆ ವಿನಾಯಿತಿಯೂ ಉಂಟು.

ಹೆಜ್ಜೆ 9: ಒಂದು ಪುಟದಲ್ಲಿ ಮೂರು ಆಯ್ಕೆ

ಕೊನೆಗೆ ನೋಟ್‌ಬುಕ್‌ನ ಒಂದು ಪುಟದಲ್ಲಿ ನಿಮ್ಮ ಮೂರು ಆಯ್ಕೆಗಳನ್ನು ಪಕ್ಕಪಕ್ಕ ಬರೆಯಿರಿ. ಒಂದು ಆಯ್ಕೆ "ಈಗಿರುವ ಕೆಲಸದಲ್ಲೇ ಇರುವುದು" ಆಗಿರಲಿ. ಪ್ರತಿಯೊಂದಕ್ಕೂ ಪೂರ್ತಿ ಖರ್ಚು, ಬರುವ ನೆರವು, ಮುಗಿದ ಮೇಲೆ ಸಿಗಬಹುದಾದ ಕೆಲಸ, ಮತ್ತು ಸಿಗದೇ ಹೋದರೆ ಏನು ಅಂತ ಬರೆಯಿರಿ. "ಸಿಗದೇ ಹೋದರೆ ಏನು" ಅನ್ನುವ ಸಾಲನ್ನು ಮನೆಯವರ ಮುಂದೆ ಗಟ್ಟಿಯಾಗಿ ಓದಿ.

ಅಕ್ಕನ ಮಗ ಮುಂದಿನ ಫೆಬ್ರುವರಿಯಲ್ಲಿ ಗೇಟ್ ಬರೆದ. ಪಾಸಾದ, ಆದರೆ ಸುರತ್ಕಲ್‌ಗೆ ಅಂಕ ಸಾಲಲಿಲ್ಲ. ಈ ನಡುವೆ ತನ್ನ ಕಂಪನಿಯಲ್ಲೇ ಸಾಕ್ ತಂಡದ ಮ್ಯಾನೇಜರ್ ಹತ್ತಿರ ಹೋಗಿ, ಮೂರು ತಿಂಗಳು ಮಾಡಿದ ಲ್ಯಾಬ್‌ಗಳನ್ನು ತೋರಿಸಿ, ಆ ತಂಡಕ್ಕೆ ಬದಲಿ ಕೇಳಿದ. ಕೊಟ್ಟರು. ಈಗ ರಾತ್ರಿ ಪಾಳಿ ಮುಗಿಸಿ ಬಂದು ಮಧ್ಯಾಹ್ನ ಮತ್ತೆ ಗೇಟ್‌ಗೆ ಓದುತ್ತಿದ್ದಾನೆ. ಮೊನ್ನೆ ಫೋನ್ ಮಾಡಿ, "ಮಾವ, ಈ ಸಲ ಆಪರೇಟಿಂಗ್ ಸಿಸ್ಟಮ್ ಅರ್ಥ ಆಗ್ತಿದೆ" ಅಂದ.

ನಿಮಗೆ ಸೀಟು ಸಿಕ್ಕಿತು ಅಂದುಕೊಳ್ಳೋಣ. ಫೀಸು ಕಟ್ಟುವ ದಿನ ರಸೀದಿ ತೆಗೆದುಕೊಳ್ಳಿ, ನಗದು ಕೊಡಬೇಡಿ. ಸೀಟು ಬಿಟ್ಟರೆ ಎಷ್ಟು ವಾಪಸ್, ಯಾವ ದಿನಾಂಕದೊಳಗೆ ಅನ್ನುವ ನಿಯಮದ ಪ್ರತಿ ಇಟ್ಟುಕೊಳ್ಳಿ. ಮೂಲ ಅಂಕಪಟ್ಟಿಗಳನ್ನು ತೋರಿಸಿ, ಪರಿಶೀಲನೆ ಆದ ಮೇಲೆ ವಾಪಸ್ ಪಡೆಯಿರಿ. ಅವನ್ನು ಕಾಲೇಜು ತನ್ನ ಹತ್ತಿರ ಇಟ್ಟುಕೊಳ್ಳುವಂತಿಲ್ಲ ಅಂತ ಯುಜಿಸಿ 2018ರಲ್ಲೇ ಹೇಳಿದೆ. ಹಾಸ್ಟೆಲ್ ರೂಮಿಗೆ ಹೋದ ಮೊದಲ ರಾತ್ರಿಯೇ ಲ್ಯಾಪ್‌ಟಾಪ್‌ನಲ್ಲಿ ಎರಡು ವರ್ಚುವಲ್ ಮಷೀನ್ ಎಬ್ಬಿಸಿ, ಒಂದರಿಂದ ಇನ್ನೊಂದಕ್ಕೆ ಪಿಂಗ್ (ಇದ್ದೀಯಾ ಅಂತ ಕೇಳುವ ಪುಟ್ಟ ಸಂದೇಶ) ಕಳಿಸಿ, ನೆಟ್‌ವರ್ಕ್ ಸಂಚಾರ ತೋರಿಸುವ ವೈರ್‌ಶಾರ್ಕ್‌ನಲ್ಲಿ ಆ ಪ್ಯಾಕೆಟ್ ತೆರೆದು ನೋಡಿ.